ಪಾಲು ಸಮ, ಮಕ್ಕಳು ಬೇರೆ ಬೇರೆ: ಯಹೂದಿ ಪರಂಪರೆ ಹೇಳುವ ಪಾಲನೆಯ ಪಾಠ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿಗೆ ಸೇರಿದ ಕಿಣ್ಣಿ ಸುಲ್ತಾನ, ತೊಗರಿ ಬೆಳೆಯುವ ಸೀಮೆಯ ಒಂದು ಗ್ರಾಮ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಇಂತಹ ಊರುಗಳಲ್ಲಿ ಮೂರು-ನಾಲ್ಕು ಮಕ್ಕಳಿರುವ ಮನೆ ಇಂದಿಗೂ ಅಪರೂಪವಲ್ಲ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿಯಲ್ಲಿ ರಾಶಿಗೆ ಬರುವವರೆಗೂ ತಂದೆ-ತಾಯಿಯ ಹಗಲು ಹೊಲದಲ್ಲಿಯೇ ಕಳೆಯುತ್ತದೆ. ಮಳೆ ಕೈಕೊಟ್ಟ ವರ್ಷ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರುಗಳಿಗೆ ಗುಳೆ ಹೋಗುವ ಕುಟುಂಬಗಳೂ ಉಂಟು. ಇಂತಹ ಮನೆಗಳಲ್ಲಿ ಪ್ರೀತಿಗೆ ಬರವಿಲ್ಲ. ಆದರೆ ಪ್ರತಿ ಮಗುವನ್ನೂ ಹತ್ತಿರ ಕೂರಿಸಿಕೊಂಡು ಅದರ ಮುಖ ನೋಡಿ ಮಾತನಾಡುವಷ್ಟು ಬಿಡುವು ಇರುವುದಿಲ್ಲ. ಮಕ್ಕಳು ಒಂದು ಗುಂಪಾಗಿಯೇ ಬೆಳೆಯುತ್ತಾರೆ. ದೊಡ್ಡಾಕಿ, ನಡುವಿನವ, ಸಣ್ಣವ ಎಂಬ ಸ್ಥಾನಗಳೇ ಅವರ ಗುರುತಾಗುತ್ತವೆ.

ದೊಡ್ಡಾಕಿ ನೀರು ತರುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ತಮ್ಮ-ತಂಗಿಯರನ್ನು ಎತ್ತಿಕೊಳ್ಳುತ್ತಾಳೆ. ಶಾಲೆಯಲ್ಲಿ ಚುರುಕಾಗಿರುವ ಮಗನ ಬಗ್ಗೆ ನೆರೆಹೊರೆಯಲ್ಲಿ ಹೆಮ್ಮೆಯ ಮಾತು ನಡೆಯುತ್ತದೆ. ಗಲಾಟೆಯನ್ನೂ ಮಾಡದ, ಹೆಸರನ್ನೂ ತರದ ಮಗು ಇವರ ನಡುವೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಂಗಳೂರು ಅಥವಾ ಹುಬ್ಬಳ್ಳಿಯಲ್ಲಿ ಎರಡೇ ಮಕ್ಕಳಿರುವ ಮನೆಯ ಪರಿಸ್ಥಿತಿಯೂ ಬೇರೆಯಲ್ಲ. ಅಲ್ಲಿ ಹೊಲದ ಬದಲು ಕಚೇರಿ ಇದೆ, ರಾಶಿಯ ಬದಲು ಅಂಕಪಟ್ಟಿ ಇದೆ. 'ಅಕ್ಕನನ್ನು ನೋಡಿ ಕಲಿ' ಎಂಬ ಮಾತು ಎರಡೂ ಕಡೆ ಕೇಳಿಸುತ್ತದೆ. ಈ ಮನೆಯಲ್ಲಿ ನಾನು ನಾನಾಗಿಯೇ ಬೇಕಾದವನೇ ಅಥವಾ ನನ್ನ ಕೆಲಸಕ್ಕೆ, ಅಂಕಕ್ಕೆ ಮಾತ್ರ ಬೇಕಾದವನೇ ಎಂಬ ಪ್ರಶ್ನೆಯನ್ನು ಮಕ್ಕಳು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಉತ್ತರವನ್ನು ಮಾತ್ರ ಪ್ರತಿದಿನವೂ ಹುಡುಕುತ್ತಿರುತ್ತಾರೆ.

ಈ ಪ್ರಶ್ನೆಯ ಬಗ್ಗೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಯೋಚಿಸುತ್ತ ಬಂದ ಸಮುದಾಯಗಳಲ್ಲಿ ಯಹೂದಿಗಳದು ಒಂದು. ಕನ್ನಡಿಗರಿಗೆ ಅವರ ಪರಿಚಯ ಕಡಿಮೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1904ರಲ್ಲಿ ಆರಂಭವಾದ ಯಹೂದಿ ಸ್ಮಶಾನ, ಇಲ್ಲಿ ಬಾಳಿದ ಬೆರಳೆಣಿಕೆಯ ಕುಟುಂಬಗಳ ಗುರುತು. ನೆರೆಯ ಮಹಾರಾಷ್ಟ್ರದ ಕೊಂಕಣ ಕರಾವಳಿಯಲ್ಲಿ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯ ಶತಮಾನಗಳ ಕಾಲ ಗಾಣದಿಂದ ಎಣ್ಣೆ ತೆಗೆಯುವ ವೃತ್ತಿ ನಡೆಸಿತು. ಶನಿವಾರ ಗಾಣ ಕಟ್ಟದ ಕಾರಣ ಅಲ್ಲಿನ ಜನ ಅವರನ್ನು 'ಶನಿವಾರ ತೇಲಿ' ಎಂದೇ ಕರೆಯುತ್ತಿದ್ದರು. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ರೋಮನ್ನರಿಂದ ನಾಶವಾದ ಮೇಲೆ, ನಾನಾ ದೇಶಗಳಲ್ಲಿ ಚದುರಿದ ಈ ಜನರಿಗೆ ಊಟದ ಮನೆಯೇ ಗುಡಿಯಾಯಿತು, ತಂದೆ-ತಾಯಿಯರೇ ಮೊದಲ ಗುರುಗಳಾದರು. ಹೀಗಾಗಿ ಮಕ್ಕಳನ್ನು ಬೆಳೆಸುವ ವಿಷಯ ಅವರ ಧರ್ಮಗ್ರಂಥಗಳಲ್ಲಿ ಬಿಡುವಿನ ಮಾತಾಗದೆ ಗಂಭೀರ ಚರ್ಚೆಯಾಯಿತು.

ಎರಡು ಸೆಲಾ ಉಣ್ಣೆಯ ಬೆಲೆ

ಈ ಚರ್ಚೆ ಆರಂಭವಾಗುವುದು ಒಂದು ತಪ್ಪಿನಿಂದ. ಬೈಬಲಿನ ಮೊದಲ ಪುಸ್ತಕದ ಪ್ರಕಾರ ಯಾಕೋಬನಿಗೆ ಹನ್ನೆರಡು ಗಂಡುಮಕ್ಕಳು. ಮುಪ್ಪಿನಲ್ಲಿ ಹುಟ್ಟಿದ ಯೋಸೇಫನ ಮೇಲೆ ಅವನಿಗೆ ಹೆಚ್ಚು ಮಮತೆ. ಅವನಿಗೆ ಮಾತ್ರ ಚೆಂದದ ನಿಲುವಂಗಿಯನ್ನು ಮಾಡಿಸಿಕೊಟ್ಟ. ಅಣ್ಣಂದಿರಿಗೆ ತಮ್ಮನೊಡನೆ ಸಮಾಧಾನದ ಒಂದು ಮಾತನ್ನಾಡಲೂ ಆಗದಂತಾಯಿತು. ಕೊನೆಗೆ ಅವರು ಅವನನ್ನು ಇಪ್ಪತ್ತು ಬೆಳ್ಳಿ ನಾಣ್ಯಗಳಿಗೆ ದಾರಿಹೋಕ ವ್ಯಾಪಾರಿಗಳಿಗೆ ಮಾರಿದರು. ಅವನು ಈಜಿಪ್ಟ್ ಸೇರಿದ. ಅವನ ಹಿಂದೆ ಇಡೀ ಕುಲವೇ ಅಲ್ಲಿಗೆ ಹೋಗಿ ಮುಂದೆ ದಾಸ್ಯಕ್ಕೆ ಬಿತ್ತು.

ಬ್ಯಾಬಿಲೋನಿಯದಲ್ಲಿ ಸುಮಾರು ಕ್ರಿ.ಶ. 500ರ ವೇಳೆಗೆ ರೂಪುಗೊಂಡ ತಾಲ್ಮುಡ್ ಎಂಬ ಬೃಹದ್ಗ್ರಂಥ ಈ ಕಥೆಯಿಂದ ನೇರವಾದ ಒಂದು ನಿಯಮವನ್ನು ತೆಗೆಯುತ್ತದೆ. ಮಕ್ಕಳ ನಡುವೆ ಒಬ್ಬನನ್ನು ಎಂದೂ ಎತ್ತಿ ಬೇರೆಯಾಗಿ ಕಾಣಬಾರದು. ಎರಡು ಸೆಲಾ ತೂಕದ ನಯವಾದ ಉಣ್ಣೆಯನ್ನು ಒಬ್ಬನಿಗೆ ಹೆಚ್ಚಾಗಿ ಕೊಟ್ಟ ಕಾರಣಕ್ಕೆ ಒಂದು ಜನಾಂಗವೇ ಈಜಿಪ್ಟಿಗೆ ಇಳಿಯಬೇಕಾಯಿತು ಎಂಬುದು ಅದರ ಸಾರ. ಸೆಲಾ ಎಂಬುದು ಒಂದು ನಾಣ್ಯದ ತೂಕ, ಅಂದರೆ ತೀರ ಸಣ್ಣ ಪ್ರಮಾಣ. ತಂದೆಯ ಎದೆಯಲ್ಲಿ ಯಾರ ಮೇಲೆ ಎಷ್ಟು ಪ್ರೀತಿ ಇತ್ತೆಂದು ಪಂಡಿತರು ಅಳೆಯಲು ಹೋಗಲಿಲ್ಲ. ಉಳಿದ ಮಕ್ಕಳ ಕಣ್ಣಿಗೆ ಬಿದ್ದ ವ್ಯತ್ಯಾಸವನ್ನು ತೂಗಿದರು. ಮಮತೆಯ ಏರಿಳಿತ ಮನುಷ್ಯರ ಕೈಯಲ್ಲಿಲ್ಲ, ಬಟ್ಟೆ ಹಂಚುವ ಕೈಯನ್ನಾದರೂ ಹತೋಟಿಯಲ್ಲಿಡಬಹುದು ಎಂಬ ವ್ಯವಹಾರಜ್ಞಾನ ಅದರಲ್ಲಿದೆ.

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ನಮ್ಮ ಗಾದೆ ಹೇಳುವುದೂ ಇದನ್ನೇ. ಗಮನಿಸಬೇಕಾದ ಇನ್ನೊಂದು ಸಂಗತಿ, ಈ ತಪ್ಪು ತಲೆಮಾರುಗಳ ಮೂಲಕ ಹರಿದು ಬಂದ ಬಗೆ. ಯಾಕೋಬನ ತಂದೆ ಇಸಾಕನಿಗೆ ಹಿರಿಯ ಮಗ ಏಸಾವನ ಮೇಲೆ ಪ್ರೀತಿ. ತಾಯಿ ರೆಬೆಕ್ಕಳಿಗೆ ಯಾಕೋಬನ ಮೇಲೆ. ಆ ಪಕ್ಷಪಾತದಿಂದ ಮನೆ ಬಿಟ್ಟು ಓಡಬೇಕಾದ ಯಾಕೋಬನೇ ತಂದೆಯಾದಾಗ ಅದನ್ನೇ ಮಾಡಿದ. ತಮ್ಮ ಮೂಲಪುರುಷರ ಈ ದೌರ್ಬಲ್ಯವನ್ನು ಯಹೂದಿ ಪರಂಪರೆ ಮುಚ್ಚಿಡಲಿಲ್ಲ. ಸಣ್ಣವರಿದ್ದಾಗ ತಾನು ಕಂಡ ಭೇದವನ್ನು ದೊಡ್ಡವನಾದ ಮೇಲೆ ತಾನೇ ಮುಂದುವರಿಸುವ ಅಪಾಯ ಪ್ರತಿ ತಂದೆ-ತಾಯಿಗೂ ಇದೆ ಎಂಬ ಎಚ್ಚರಿಕೆಯಾಗಿ ಅದನ್ನು ಪ್ರತಿವರ್ಷ ಓದಿಸುತ್ತದೆ.

ಒಂದೇ ಅಚ್ಚು, ಬೇರೆ ಬೇರೆ ನಾಣ್ಯ

ಹಾಗಾದರೆ ಎಲ್ಲ ಮಕ್ಕಳಿಗೂ ಎಲ್ಲವನ್ನೂ ಸರಿಸಮನಾಗಿ ಅಳೆದು ಕೊಟ್ಟರೆ ಸಾಕೆ? ಸಾಲದು ಎಂಬುದು ಅದೇ ಪರಂಪರೆಯ ಇನ್ನೊಂದು ಮುಖ. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಮಿಶ್ನಾ ಎಂಬ ಗ್ರಂಥದಲ್ಲಿ, ಮರಣದಂಡನೆಯ ಮೊಕದ್ದಮೆಯಲ್ಲಿ ಸಾಕ್ಷಿಗಳಿಗೆ ಕೊಡುವ ಎಚ್ಚರಿಕೆಯ ಭಾಗವಾಗಿ ಒಂದು ಹೋಲಿಕೆ ಬರುತ್ತದೆ. ಅರಸನೊಬ್ಬ ಒಂದೇ ಅಚ್ಚಿನಿಂದ ನಾಣ್ಯಗಳನ್ನು ಒತ್ತಿದರೆ ಎಲ್ಲವೂ ಒಂದೇ ಬಗೆಯಾಗಿರುತ್ತವೆ. ದೇವರು ಮೊದಲ ಮನುಷ್ಯನ ಅಚ್ಚಿನಿಂದಲೇ ಎಲ್ಲರನ್ನೂ ಒತ್ತಿದ, ಆದರೂ ಒಬ್ಬ ಇನ್ನೊಬ್ಬನಂತಿಲ್ಲ. ಆದ್ದರಿಂದ ಜಗತ್ತು ಸೃಷ್ಟಿಯಾದದ್ದು ತನಗಾಗಿಯೇ ಎಂದು ಪ್ರತಿಯೊಬ್ಬನೂ ಹೇಳಿಕೊಳ್ಳಲು ಬದ್ಧನು ಎಂದು ಗ್ರಂಥ ಮುಂದುವರಿಯುತ್ತದೆ. ಇದು ಅಹಂಕಾರದ ಮಾತಲ್ಲ. ಒಬ್ಬನ ಪ್ರಾಣ ಹೋದರೆ ಅವನ ಬದಲಿಗೆ ಇಡಲು ಇನ್ನೊಬ್ಬನಿಲ್ಲ ಎಂದು ನ್ಯಾಯಾಲಯಕ್ಕೆ ನೆನಪಿಸುವ ಮಾತು.

ಇದನ್ನು ಮನೆಗೆ ತಂದರೆ ಅರ್ಥ ಸ್ಪಷ್ಟ. ಕೈಯ ಐದು ಬೆರಳು ಸಮವಿಲ್ಲ ಎಂದು ನಾವೂ ಹೇಳುತ್ತೇವೆ. ಆದರೆ ಆ ಮಾತು ನಮ್ಮಲ್ಲಿ ಹಲವು ಸಲ ಸಮಾಧಾನದ ಧ್ವನಿಯಲ್ಲಿ ಬರುತ್ತದೆ: ಒಂದು ಬೆರಳು ಗಿಡ್ಡ, ಏನು ಮಾಡುವುದು ಎಂಬಂತೆ. ಮಿಶ್ನಾದ ಹೋಲಿಕೆಯಲ್ಲಿ ವ್ಯತ್ಯಾಸವೇ ಬೆಲೆಯ ಕಾರಣ. ಹದಿನೆಂಟನೆಯ ಶತಮಾನದಲ್ಲಿ ಪೂರ್ವ ಯುರೋಪಿನಲ್ಲಿದ್ದ ಝುಸ್ಯಾ ಎಂಬ ಸಂತನ ಬಗ್ಗೆ ಪ್ರಚಲಿತವಿರುವ ಕಥೆಯೂ ಇದೇ ದಿಕ್ಕಿನದು. ಪರಲೋಕದಲ್ಲಿ ತನ್ನನ್ನು ಮೋಶೆ ಏಕಾಗಲಿಲ್ಲವೆಂದು ಯಾರೂ ಕೇಳುವುದಿಲ್ಲ, ಝುಸ್ಯಾ ಏಕಾಗಲಿಲ್ಲವೆಂದು ಕೇಳುತ್ತಾರೆ ಎಂಬುದು ಅವನ ಭಯವಾಗಿತ್ತಂತೆ. ಅಕ್ಕನಂತೆ ಆಗಲಿಲ್ಲವೆಂದು ಪ್ರತಿದಿನ ಕೇಳಿಸಿಕೊಳ್ಳುವ ತಮ್ಮನಿಗೆ ತಾನು ತಾನಾಗುವ ದಾರಿ ಮೊದಲೇ ಮುಚ್ಚಿರುತ್ತದೆ.

ಆಯಾ ಮಗುವಿನ ಹಾದಿ

ಮಗುವಿಗೆ ಅದರ ಹಾದಿಗೆ ತಕ್ಕಂತೆ ತರಬೇತಿ ಕೊಟ್ಟರೆ ಮುಪ್ಪಿನಲ್ಲಿಯೂ ಅದು ದಾರಿ ತಪ್ಪದು ಎಂಬ ಅರ್ಥದ ಮಾತು ಬೈಬಲಿನ ಜ್ಞಾನೋಕ್ತಿಗಳಲ್ಲಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಕನ್ನಡ ಗಾದೆಗೂ ಇದಕ್ಕೂ ಸಂಬಂಧವಿದೆ, ಒಂದು ಅಂತರವೂ ಇದೆ. ಗಾದೆ ಬಗ್ಗಿಸುವ ಕಾಲವನ್ನು ಹೇಳುತ್ತದೆ. ಜ್ಞಾನೋಕ್ತಿ ಗಿಡ ಯಾವ ಕಡೆಗೆ ಬೆಳೆಯುತ್ತಿದೆ ಎಂದು ಮೊದಲು ನೋಡಿಕೊಳ್ಳಲು ಹೇಳುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿದ್ದ ಧರ್ಮಗುರು ಸ್ಯಾಮ್ಸನ್ ರಾಫೆಲ್ ಹಿರ್ಷ್ ತಮ್ಮ ಬೈಬಲ್ ವ್ಯಾಖ್ಯಾನದಲ್ಲಿ ಈ ತತ್ವವನ್ನು ಹಿಡಿದು ದಿಟ್ಟವಾದ ಒಂದು ಪ್ರಶ್ನೆ ಎತ್ತಿದರು. ಅವಳಿ ಮಕ್ಕಳಾದ ಏಸಾವ ಮತ್ತು ಯಾಕೋಬರಲ್ಲಿ ಒಬ್ಬ ಬೇಟೆಗಾರ, ಇನ್ನೊಬ್ಬ ಗುಡಾರದಲ್ಲಿ ಕುಳಿತಿರುವ ಶಾಂತ ಸ್ವಭಾವದವ. ಇಬ್ಬರನ್ನೂ ಒಂದೇ ಪಾಠಕ್ಕೆ, ಒಂದೇ ಕ್ರಮಕ್ಕೆ ಕೂರಿಸಿದ್ದೇ ತಂದೆ-ತಾಯಿಯ ತಪ್ಪು ಎಂದರು ಹಿರ್ಷ್. ಓಡಾಟದ ಹುಡುಗನ ಚೈತನ್ಯಕ್ಕೆ ತಕ್ಕ ದಾರಿ ತೋರಿಸಿದ್ದರೆ ಅವನೂ ಒಳ್ಳೆಯದಕ್ಕೆ ದುಡಿಯುತ್ತಿದ್ದ. ಹಾಗೆ ಮಾಡದ್ದರಿಂದ ಅವನು ಬೆಳೆದು ದೊಡ್ಡವನಾದಾಗ ಮನೆಯ ಮೌಲ್ಯಗಳನ್ನೇ ತಳ್ಳಿಹಾಕಿದ ಎಂಬುದು ಅವರ ವಾದ. ಸಮಾನತೆಯ ಹೆಸರಿನಲ್ಲಿ ನಡೆದ ಏಕರೂಪತೆಯೂ ಮಗುವನ್ನು ಕಳೆದುಕೊಳ್ಳುವ ದಾರಿಯೇ ಎಂದಾಯಿತು.

ಇದೇ ವಿಚಾರ ಕರ್ನಾಟಕದ ಸರ್ಕಾರಿ ಶಾಲೆಗೆ ಬೇರೊಂದು ದಾರಿಯಿಂದ ಬಂದಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಪ್ರಯೋಗವಾಗಿ ಶುರುವಾದ 'ನಲಿ-ಕಲಿ' ಪದ್ಧತಿ 2009ರಿಂದ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು. ಕಲಿಕೆಯನ್ನು ಏಣಿಯ ಮೆಟ್ಟಿಲುಗಳಂತೆ ವಿಂಗಡಿಸಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುವಂತೆ ಮಾಡುವುದು ಅದರ ತಿರುಳು. ಜ್ವರ ಬಂದು ಅಥವಾ ಹೊಲದ ಕೆಲಸಕ್ಕೆ ಹೋಗಿ ವಾರ ತಪ್ಪಿಸಿಕೊಂಡ ಮಗು, ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಶಿಕ್ಷಕರ ಕೊರತೆ, ಹಲವು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ಅನಿವಾರ್ಯತೆಗಳು ಏನೇ ಇರಲಿ, ಒಂದೇ ವಯಸ್ಸಿನ ಎರಡು ಮಕ್ಕಳು ಒಂದೇ ದಿನ ಒಂದೇ ಅಕ್ಷರ ಕಲಿಯಬೇಕಿಲ್ಲ ಎಂಬ ಒಪ್ಪಿಗೆ ಅದರಲ್ಲಿದೆ. ಶಾಲೆಗೆ ಬಂದ ಈ ಒಪ್ಪಿಗೆ ಅನೇಕ ಮನೆಗಳಿಗೆ ಇನ್ನೂ ಬಂದಿಲ್ಲ.

ಮೇಲಿನ ತರಗತಿಗಳಿಗೆ ಹೋದಂತೆ ಒತ್ತಡ ಹೆಚ್ಚುತ್ತದೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶದಲ್ಲಿ ಕಲಬುರಗಿ ರಾಜ್ಯದ ಜಿಲ್ಲಾವಾರು ಪಟ್ಟಿಯ ಕೊನೆಯಲ್ಲಿತ್ತು. ಇಂತಹ ಪಟ್ಟಿ ಪ್ರಕಟವಾದಾಗ ಶಾಲೆ, ತಾಲ್ಲೂಕು, ಜಿಲ್ಲೆ ಎಲ್ಲವೂ ಶ್ರೇಯಾಂಕವಾಗುತ್ತವೆ. ವ್ಯವಸ್ಥೆಯನ್ನು ತಿದ್ದಲು ಆ ಅಂಕಿಗಳು ಬೇಕು. ಆದರೆ ಅನುತ್ತೀರ್ಣನಾಗಿ ಮನೆಗೆ ಬಂದ ಹುಡುಗನಿಗೆ ಆ ಸಂಜೆ ಬೇಕಾಗಿರುವುದು ಇನ್ನೊಂದು ಪಟ್ಟಿಯಲ್ಲ. ಅಂಕದ ಆಚೆಗೂ ತನ್ನನ್ನು ಬಲ್ಲ ಒಬ್ಬರಾದರೂ ಮನೆಯಲ್ಲಿದ್ದಾರೆಯೇ ಎಂಬುದೇ ಆಗ ಅವನ ಮರುಪರೀಕ್ಷೆಯನ್ನೂ, ಕೆಲವೊಮ್ಮೆ ಅವನ ಬದುಕನ್ನೂ ನಿರ್ಧರಿಸುತ್ತದೆ.

ನಾಲ್ಕು ಮಕ್ಕಳು, ನಾಲ್ಕು ಉತ್ತರ

ಯಹೂದಿ ಮನೆಗಳಲ್ಲಿ ಪ್ರತಿ ವಸಂತದಲ್ಲಿ ಪಾಸೋವರ್ ಹಬ್ಬ ಬರುತ್ತದೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಈ ಹಬ್ಬದ ರಾತ್ರಿ ಕುಟುಂಬವೆಲ್ಲ ಊಟದ ಮೇಜಿನ ಸುತ್ತ ಕೂತು ಬಿಡುಗಡೆಯ ಕಥೆ ಹೇಳಬೇಕು. ಕಥೆ ಹೇಳಲು ಆರಂಭಿಸುವವನು ಯಜಮಾನನಲ್ಲ. ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಏಕೆ ಬೇರೆ ಎಂದು ಮನೆಯ ಅತಿ ಕಿರಿಯ ಮಗು ಕೇಳಬೇಕು, ದೊಡ್ಡವರು ಉತ್ತರಿಸಬೇಕು. ಉಳಿದ ದಿನಗಳಲ್ಲಿ 'ಸುಮ್ಮನಿರು' ಎನ್ನಿಸಿಕೊಳ್ಳುವ ಮಗುವಿನ ಪ್ರಶ್ನೆಯಿಲ್ಲದೆ ಆ ರಾತ್ರಿಯ ವಿಧಿ ಮುಂದೆ ಸಾಗುವುದಿಲ್ಲ.

ಆ ರಾತ್ರಿ ಓದುವ ಹಗ್ಗಾದಾ ಎಂಬ ಪುಸ್ತಕದಲ್ಲಿ ನಾಲ್ಕು ಬಗೆಯ ಮಕ್ಕಳ ಪ್ರಸ್ತಾಪವಿದೆ: ಜಾಣ, ತಂಟೆಕೋರ, ಮುಗ್ಧ, ಮತ್ತು ಏನು ಕೇಳಬೇಕೆಂದೇ ತಿಳಿಯದವನು. ಬೈಬಲಿನಲ್ಲಿ ಮಗನಿಗೆ ಬಿಡುಗಡೆಯ ಕಥೆ ಹೇಳುವಂತೆ ನಾಲ್ಕು ಕಡೆ ಆದೇಶವಿದೆ. ಒಂದೇ ಮಾತನ್ನು ನಾಲ್ಕು ಸಲ ಏಕೆ ಹೇಳಿದೆ ಎಂದು ಪ್ರಶ್ನಿಸಿದ ಪಂಡಿತರು, ಮಕ್ಕಳೇ ನಾಲ್ಕು ಬಗೆ, ಆದ್ದರಿಂದ ಉತ್ತರವೂ ನಾಲ್ಕು ಬಗೆ ಎಂದು ಅರ್ಥೈಸಿದರು. ಜಾಣನಿಗೆ ನಿಯಮಗಳ ವಿವರ, ತಂಟೆಕೋರನಿಗೆ ಚುರುಕು ಮುಟ್ಟಿಸುವ ಉತ್ತರ, ಮುಗ್ಧನಿಗೆ ಸರಳ ಮಾತು. ನಾಲ್ಕನೆಯವನು ಏನನ್ನೂ ಕೇಳುವುದಿಲ್ಲ. ಅವನಿಗಾಗಿ ಮಾತನ್ನು ನೀನೇ ತೆರೆ ಎಂದು ಗ್ರಂಥ ಹೇಳುತ್ತದೆ. ಇಲ್ಲಿನ 'ನೀನು' ಎಂಬ ಹೀಬ್ರೂ ಪದ ಸ್ತ್ರೀಲಿಂಗದಲ್ಲಿದೆ. ಮಾತು ಬಾರದ ಮಗುವನ್ನು ತಾಯಿಯ ಮೃದುತ್ವದಿಂದ ಮಾತಿಗೆಳೆಯಬೇಕೆಂಬ ಸೂಚನೆ ಅದು ಎಂದು ಕೆಲವು ವ್ಯಾಖ್ಯಾನಕಾರರು ಹೇಳಿದ್ದಾರೆ.

ಕಥೆ ಒಂದೇ, ಮೇಜು ಒಂದೇ, ಊಟವೂ ಒಂದೇ. ಮಾತು ಮಾತ್ರ ಆಯಾ ಮಗುವಿಗೆ ತಕ್ಕದ್ದು. ತಂಟೆಕೋರನನ್ನೂ ಮೇಜಿನಿಂದ ಎಬ್ಬಿಸಿ ಕಳುಹಿಸುವುದಿಲ್ಲ. 1957ರಲ್ಲಿ ಲುಬಾವಿಚ್ ಪಂಥದ ಗುರು ಮೆನಾಖೆಮ್ ಮೆಂಡಲ್ ಶ್ನೇರ್ಸನ್ ಇದಕ್ಕೆ ಐದನೆಯ ಮಗುವೊಂದನ್ನು ಸೇರಿಸಿದರು. ಮೇಜಿನ ಬಳಿ ಬಾರದೆ ದೂರವೇ ಉಳಿದ ಮಗು ಅದು. ಅದನ್ನು ಹುಡುಕಿಕೊಂಡು ಹೋಗುವುದು ಹಿರಿಯರ ಹೊಣೆ ಎಂದರು. ಶಾಲೆ ಬಿಟ್ಟು ಕೆಲಸಕ್ಕೆ ನಿಂತ ಹುಡುಗ, ಹೆತ್ತವರು ಗುಳೆ ಹೋದಾಗ ಮುತ್ಯಾನ ಮನೆಯಲ್ಲಿ ಉಳಿದ ಹುಡುಗಿ ನಮ್ಮ ಕಡೆಯ ಐದನೆಯ ಮಕ್ಕಳು.

ಶುಕ್ರವಾರ ಸಂಜೆಯ ಒಂದು ನಿಮಿಷ

ತತ್ವ ಎಷ್ಟೇ ದೊಡ್ಡದಿರಲಿ, ದಿನಚರಿಯಲ್ಲಿ ಅದಕ್ಕೊಂದು ಜಾಗವಿಲ್ಲದಿದ್ದರೆ ಮರೆತುಹೋಗುತ್ತದೆ. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಶುಕ್ರವಾರ ಸೂರ್ಯಾಸ್ತಕ್ಕೆ ಶುರುವಾಗುತ್ತದೆ. ದೀಪ ಹಚ್ಚಿದ ಮೇಲೆ, ಊಟಕ್ಕೆ ಮುನ್ನ, ತಂದೆ ಅಥವಾ ತಂದೆ-ತಾಯಿ ಇಬ್ಬರೂ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುವ ರೂಢಿ ಅನೇಕ ಮನೆಗಳಲ್ಲಿದೆ. ಒಬ್ಬೊಬ್ಬರನ್ನೇ ಕರೆದು ಆಶೀರ್ವದಿಸುವುದು, ಕೆಲವು ಮನೆಗಳಲ್ಲಿ ಆ ಮಗು ಆ ವಾರ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಅದರ ಕಿವಿಯಲ್ಲಿ ಹೇಳುವುದೂ ಉಂಟು. ಒಂದು ಮಗುವಿಗೆ ಒಂದು ನಿಮಿಷ ಸಾಕು. ದೂರದಲ್ಲಿರುವ ಮಕ್ಕಳಿಗೆ ಸಬ್ಬತ್ ಆರಂಭವಾಗುವ ಮುನ್ನ ದೂರವಾಣಿಯಲ್ಲಿಯೇ ಹರಸುವವರಿದ್ದಾರೆ.

ಹೆಣ್ಣುಮಕ್ಕಳನ್ನು ಸಾರಾ, ರೆಬೆಕ್ಕ, ರಾಹೇಲ, ಲೇಯರಂತೆ ಆಗಲಿ ಎಂದು ಹರಸುತ್ತಾರೆ. ಗಂಡುಮಕ್ಕಳಿಗೆ ಹೇಳುವ ಹೆಸರುಗಳು ಅಚ್ಚರಿ ಹುಟ್ಟಿಸುತ್ತವೆ. ಅಬ್ರಹಾಮ, ಇಸಾಕ, ಯಾಕೋಬರಂಥ ಮೂಲಪುರುಷರನ್ನು ಬಿಟ್ಟು ಯೋಸೇಫನ ಮಕ್ಕಳಾದ ಎಫ್ರಾಯೀಮ ಮತ್ತು ಮನಸ್ಸೆಯರ ಹೆಸರು ಹೇಳುತ್ತಾರೆ. ಮುದುಕನಾದ ಯಾಕೋಬ ಈ ಮೊಮ್ಮಕ್ಕಳನ್ನು ಹರಸುವಾಗ ಕೈಗಳನ್ನು ಅಡ್ಡವಾಗಿಸಿ ಬಲಗೈಯನ್ನು ಕಿರಿಯವನ ತಲೆಯ ಮೇಲಿಟ್ಟ. ಆದರೂ ಅಣ್ಣ ತಮ್ಮನ ಮೇಲೆ ಹಗೆ ಸಾಧಿಸಿದ ಕಥೆ ಎಲ್ಲಿಯೂ ಇಲ್ಲ. ಕಾಯಿನನಿಂದ ಯೋಸೇಫನವರೆಗೆ ಹರಿದು ಬಂದ ಒಡಹುಟ್ಟಿದವರ ಜಗಳ ಇವರಲ್ಲಿ ನಿಂತಿತು, ಅದಕ್ಕಾಗಿಯೇ ಈ ಹೆಸರುಗಳು ಎಂಬುದು ಪ್ರಚಲಿತ ವಿವರಣೆ.

ಕಲಬುರಗಿ ಸೀಮೆಗೆ ಇಂತಹ ಆಚರಣೆ ಪೂರ್ತಿ ಹೊಸದೇನಲ್ಲ. ಮಗುವನ್ನು ಮುಂದೆ ಕೂರಿಸಿಕೊಂಡು ನಿವಾಳಿಸಿ ದೃಷ್ಟಿ ತೆಗೆಯುವ ಅಜ್ಜಿಯ ಕೈ ಆ ಗಳಿಗೆಯಲ್ಲಿ ಆ ಒಂದು ಮಗುವಿಗೆ ಮಾತ್ರ ಸೇರಿದ್ದು. ಮುತ್ಯಾನ ಹೆಸರಿಟ್ಟ ಮೊಮ್ಮಗನನ್ನು ಹೆಸರು ಹಿಡಿದು ಬೈಯದೆ 'ಅಪ್ಪಾ' ಎಂದು ಕರೆಯುವ ಮನೆಗಳಿವೆ. ಯೂರೋಪಿನ ಯಹೂದಿಗಳೂ ತೀರಿಕೊಂಡ ಹಿರಿಯರ ಹೆಸರನ್ನು ಮಕ್ಕಳಿಗೆ ಇಡುತ್ತ ಬಂದಿದ್ದಾರೆ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು ಕುಟುಂಬವೆಲ್ಲ ಒಟ್ಟಿಗೆ ಕಳೆಯುವ ಸಂಜೆಯೂ ಇದೆ. ಕೊರತೆ ಇರುವುದು ವಾರವಾರವೂ ತಪ್ಪದೆ ಬರುವ ಒಂದು ಗಳಿಗೆಯದು.

ಹೆಣ್ಣುಮಕ್ಕಳ ಹೆಸರು, ಹೆಣ್ಣುಮಕ್ಕಳ ಪಾಲು

ಯಹೂದಿ ಪರಂಪರೆಯಲ್ಲಿ ಎಲ್ಲವೂ ಸರಿಯಾಗಿತ್ತೆಂದು ಭಾವಿಸಬೇಕಿಲ್ಲ. ಹಗ್ಗಾದಾದ ನಾಲ್ಕು ಮಕ್ಕಳೂ ಗಂಡುಮಕ್ಕಳೇ. ಧರ್ಮಗ್ರಂಥಗಳ ಗಂಭೀರ ಅಧ್ಯಯನ ಶತಮಾನಗಳ ಕಾಲ ಗಂಡುಮಕ್ಕಳ ಹಕ್ಕಾಗಿಯೇ ಉಳಿಯಿತು. 1917ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಸಾರಾ ಶೆನಿರರ್ ಎಂಬ ದರ್ಜಿ ಹೆಣ್ಣುಮಗಳು ಬಾಲಕಿಯರಿಗಾಗಿ ಧಾರ್ಮಿಕ ಶಾಲೆ ತೆರೆದ ಮೇಲೆ ಸಂಪ್ರದಾಯಸ್ಥ ಸಮಾಜದಲ್ಲಿ ಬದಲಾವಣೆ ಮೊದಲಾಯಿತು. ಹದಿಮೂರು ವರ್ಷದ ಹುಡುಗನನ್ನು ಸಮುದಾಯದ ಹೊಣೆಗಾರ ಸದಸ್ಯನೆಂದು ಬರಮಾಡಿಕೊಳ್ಳುವ ಆಚರಣೆಗೆ ಸಾಟಿಯಾಗಿ, 1922ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಜೂಡಿತ್ ಕಪ್ಲಾನ್ ಎಂಬ ಬಾಲಕಿ ಸಭೆಯ ಮುಂದೆ ನಿಂತು ಓದಿದಳು. ಅಮೆರಿಕದಲ್ಲಿ ಹೆಣ್ಣುಮಗುವಿಗೆ ದೊರೆತ ಅಂತಹ ಮೊದಲ ಗೌರವ ಅದೆಂದು ಗುರುತಿಸಲಾಗಿದೆ.

ಆದರೆ ಇದಕ್ಕೆ ಬೀಜ ಹಳೆಯ ಗ್ರಂಥದಲ್ಲಿಯೇ ಇತ್ತು. ಗಂಡುಮಕ್ಕಳಿಲ್ಲದೆ ತೀರಿಕೊಂಡ ತಂದೆಯ ಐವರು ಹೆಣ್ಣುಮಕ್ಕಳು ಮೋಶೆಯ ಎದುರು ನಿಂತು ತಂದೆಯ ಪಾಲನ್ನು ಕೇಳುವ ಪ್ರಸಂಗ ಬೈಬಲಿನಲ್ಲಿದೆ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಸಾ ಎಂದು ಐವರ ಹೆಸರನ್ನೂ ಗ್ರಂಥ ಬಿಡದೆ ಹೇಳುತ್ತದೆ. ಅವರ ಕೇಳಿಕೆ ನ್ಯಾಯವೆಂದು ತೀರ್ಪಾಗುತ್ತದೆ. ಐವರನ್ನು 'ಹೆಣ್ಣುಮಕ್ಕಳು' ಎಂಬ ಒಂದೇ ಪದದಲ್ಲಿ ಅಡಗಿಸದಿರುವುದೇ ಆ ಪ್ರಸಂಗದ ಘನತೆ. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲಿನ ಹಕ್ಕು ಕೊಟ್ಟಿತು. 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂತು. ಕಾನೂನು ಹೊಲದ ಪಾಲನ್ನು ಕೊಡಿಸಬಲ್ಲದು. ದೊಡ್ಡಾಕಿಯ ದುಡಿಮೆಯ ಆಚೆಗೆ ಅವಳಿಗೇನು ಇಷ್ಟ, ಅವಳು ಏನಾಗಬೇಕೆಂದುಕೊಂಡಿದ್ದಾಳೆ ಎಂದು ಕೇಳುವ ಕೆಲಸ ಮನೆಯವರದೇ.

ವಾರ್ಸಾದ ವೈದ್ಯ ಮತ್ತು ಟಾಗೋರರ ನಾಟಕ

ಈ ಪರಂಪರೆಯ ನೆಲದಿಂದ ಬಂದು ಜಗತ್ತಿಗೆ ದಾರಿ ತೋರಿದವರಲ್ಲಿ ಯಾನುಷ್ ಕೊರ್ಚಾಕ್ ಪ್ರಮುಖರು. ಪೋಲೆಂಡಿನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಈ ಮಕ್ಕಳ ವೈದ್ಯ, 1912ರಲ್ಲಿ ವಾರ್ಸಾ ನಗರದಲ್ಲಿ ಸ್ಟೆಫಾನಿಯಾ ವಿಲ್ಚಿನ್ಸ್ಕಾ ಅವರ ಜೊತೆಗೂಡಿ ಯಹೂದಿ ಅನಾಥ ಮಕ್ಕಳ ಮನೆಯೊಂದನ್ನು ಆರಂಭಿಸಿದರು. ನೂರಾರು ಮಕ್ಕಳಿರುವ ಕಡೆ ಮಗು ಒಂದು ಸಂಖ್ಯೆಯಾಗುವುದು ಸುಲಭ. ಹಾಗಾಗದಂತೆ ಕೊರ್ಚಾಕ್ ಒಬ್ಬೊಬ್ಬ ಮಗುವಿನ ತೂಕ, ಎತ್ತರ, ನಿದ್ದೆ, ಸ್ವಭಾವಗಳನ್ನು ತಾವೇ ಗಮನಿಸಿ ಬರೆದಿಟ್ಟರು. ಮಕ್ಕಳೇ ನ್ಯಾಯಾಧೀಶರಾಗಿರುವ ನ್ಯಾಯಾಲಯ ಅಲ್ಲಿತ್ತು. ದೊಡ್ಡವರ ಮೇಲೂ ದೂರು ಕೊಡಬಹುದಾಗಿತ್ತು. 1926ರಲ್ಲಿ ಮಕ್ಕಳೇ ಬರೆಯುವ ಪತ್ರಿಕೆಯನ್ನೂ ಅವರು ಹೊರತಂದರು. ಮಗುವಿನ ಗೌರವದ ಹಕ್ಕನ್ನು ಕುರಿತ ಅವರ ಪುಸ್ತಕ 1929ರಲ್ಲಿ ಪ್ರಕಟವಾಯಿತು.

ನಾಜಿಗಳು ವಾರ್ಸಾದ ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದಾಗ ಅನಾಥಾಲಯವೂ ಅಲ್ಲಿಗೆ ಹೋಯಿತು. 1942ರ ಜುಲೈ 18ರಂದು, ಹಸಿವು ಮತ್ತು ರೋಗಗಳ ನಡುವೆ, ಅಲ್ಲಿನ ಮಕ್ಕಳು ರವೀಂದ್ರನಾಥ ಟಾಗೋರರ 'ಡಾಕ್‌ಘರ್' ನಾಟಕವನ್ನು ಆಡಿದರು. ಕಾಯಿಲೆಯಿಂದ ಕೋಣೆಯಲ್ಲಿ ಬಂಧಿಯಾದ ಅಮಲ್ ಎಂಬ ಹುಡುಗ, ರಾಜ ತನ್ನ ಹೆಸರಿಗೆ ಒಂದು ಪತ್ರ ಬರೆಯುತ್ತಾನೆಂದು ಕಾಯುವ ಕಥೆ ಅದು. ಕೆಲವೇ ವಾರಗಳಲ್ಲಿ, ಆ ವರ್ಷದ ಆಗಸ್ಟ್‌ನಲ್ಲಿ, ಸುಮಾರು ಇನ್ನೂರು ಮಕ್ಕಳನ್ನು ಟ್ರೆಬ್ಲಿಂಕಾ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು. ಕೊರ್ಚಾಕ್ ಮತ್ತು ಸ್ಟೆಫಾನಿಯಾ ಮಕ್ಕಳನ್ನು ಬಿಡದೆ ಅವರ ಜೊತೆಯಲ್ಲಿಯೇ ಹೋದರು, ಯಾರೂ ಮರಳಲಿಲ್ಲ.

1978ರಲ್ಲಿ ಮಕ್ಕಳ ಹಕ್ಕುಗಳಿಗಾಗಿ ಅಂತರರಾಷ್ಟ್ರೀಯ ಒಡಂಬಡಿಕೆ ಬೇಕೆಂದು ವಿಶ್ವಸಂಸ್ಥೆಯಲ್ಲಿ ಪ್ರಸ್ತಾಪಿಸಿದ ದೇಶ ಕೊರ್ಚಾಕ್ ಅವರ ಪೋಲೆಂಡ್. 1989ರಲ್ಲಿ ಅಂಗೀಕಾರವಾದ ಆ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ತನ್ನ ಅಭಿಪ್ರಾಯ ಹೇಳುವ ಹಕ್ಕು ಅದರ ಹನ್ನೆರಡನೆಯ ವಿಧಿಯಲ್ಲಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗಳ ಹಿಂದೆಯೂ ಇದೇ ವಿಚಾರವಿದೆ. ಪಂಚಾಯಿತಿಯ ಮುಂದೆ ಶೌಚಾಲಯ, ಬಸ್ಸು, ಶಿಕ್ಷಕರ ಬಗ್ಗೆ ಮಾತನಾಡಿದ ಹುಡುಗಿಗೆ ತನ್ನ ಮನೆಯ ಪಡಸಾಲೆಯಲ್ಲಿಯೂ ಮಾತನಾಡುವ ಅವಕಾಶ ಸಿಗಬೇಕು.

ಪಾಲಕರು ಏನು ಮಾಡಬಹುದು?

ಟೆಲ್ ಅವೀವ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮನಶ್ಶಾಸ್ತ್ರಜ್ಞ ಹೈಮ್ ಗಿನಾಟ್ 1965ರಲ್ಲಿ ಹೆತ್ತವರು ಮತ್ತು ಮಕ್ಕಳ ಮಾತುಕತೆಯ ಬಗ್ಗೆ ಪುಸ್ತಕ ಬರೆದರು. ಅವರ ಬಳಿ ತರಬೇತಿ ಪಡೆದ ಅಡೆಲ್ ಫೇಬರ್ ಮತ್ತು ಇಲೇನ್ ಮೇಜ್ಲಿಷ್ 1987ರಲ್ಲಿ ಒಡಹುಟ್ಟಿದವರ ಪೈಪೋಟಿಯನ್ನು ಕುರಿತು ಬರೆದರು. ಹಳೆಯ ಗ್ರಂಥಗಳ ಮಾತು ಮತ್ತು ಈ ಹೊಸ ಪುಸ್ತಕಗಳ ಸಲಹೆ ಬಹುಮಟ್ಟಿಗೆ ಒಂದೆಡೆ ಸೇರುತ್ತವೆ. ಅವುಗಳನ್ನು ನಮ್ಮ ಮನೆಗಳಿಗೆ ಹೊಂದಿಸಿಕೊಂಡರೆ ಕೆಲವು ಸುಲಭದ ದಾರಿಗಳು ಕಾಣುತ್ತವೆ.

ಕಣ್ಣಿಗೆ ಕಾಣುವ ವಸ್ತುಗಳಲ್ಲಿ ಭೇದ ಬೇಡ. ಹಬ್ಬದ ಬಟ್ಟೆ, ತಟ್ಟೆಗೆ ಬೀಳುವ ತುಪ್ಪ, ಜಾತ್ರೆಯ ಆಟಿಕೆ, ಶಾಲೆಯ ಶುಲ್ಕ ಇವುಗಳಲ್ಲಿ ಗಂಡು-ಹೆಣ್ಣು, ಜಾಣ-ಮಂದ ಎಂಬ ವ್ಯತ್ಯಾಸ ಕಾಣಿಸಬಾರದು. ಒಂದು ಮಗುವಿಗೆ ಕಾಯಿಲೆ ಅಥವಾ ಅಂಗವೈಕಲ್ಯದ ಕಾರಣ ಹೆಚ್ಚು ಖರ್ಚು ಬಂದರೆ ಅದರ ಕಾರಣವನ್ನು ಉಳಿದ ಮಕ್ಕಳಿಗೆ ಮುಚ್ಚಿಡದೆ ಹೇಳಬೇಕು. ಕಾರಣ ತಿಳಿದ ಮಗು ಅಸಮಾನತೆಯನ್ನು ಸಹಿಸುತ್ತದೆ, ತಿಳಿಯದ ಮಗು ಅದನ್ನು ತಿರಸ್ಕಾರವೆಂದು ಓದಿಕೊಳ್ಳುತ್ತದೆ.

ಹೊಗಳುವಾಗಲೂ ಬೈಯುವಾಗಲೂ ಇನ್ನೊಂದು ಮಗುವಿನ ಹೆಸರು ಬೇಡ. 'ನೀನು ಅಣ್ಣನಿಗಿಂತ ಚೆನ್ನಾಗಿ ಬರೆದಿದ್ದೀ' ಎಂಬ ಹೊಗಳಿಕೆಯಲ್ಲಿಯೂ ಒಬ್ಬನಿಗೆ ಸೋಲಿದೆ. ನಿನ್ನ ಅಕ್ಷರ ದುಂಡಗಿದೆ, ಇಂದು ನೀನು ಕುರಿಮರಿಯನ್ನು ಹುಡುಕಿ ತಂದೆ ಎಂದು ಆ ಮಗು ಮಾಡಿದ್ದನ್ನಷ್ಟೇ ಹೇಳಿದರೆ ಸಾಕು. ಮನೆಗೆ ಬಂದವರ ಎದುರು 'ಇವ ಜಾಣ, ಇವ ಸೋಂಬೇರಿ' ಎಂದು ಪರಿಚಯಿಸುವ ರೂಢಿಯನ್ನು ಕೈಬಿಡಬೇಕು. ಅಂತಹ ಹಣೆಪಟ್ಟಿ ಜಾಣನಿಗೂ ಭಾರವೇ.

ವಾರಕ್ಕೊಂದು ಗಳಿಗೆ ಒಂದು ಮಗುವಿಗೆ ಮೀಸಲಿರಲಿ. ಹೊಲಕ್ಕೆ ಹೋಗುವಾಗ ಒಬ್ಬನನ್ನು, ಸಂತೆಗೆ ಹೋಗುವಾಗ ಇನ್ನೊಬ್ಬಳನ್ನು ಜೊತೆಗೆ ಕರೆದೊಯ್ಯಬಹುದು. ಗುಳೆ ಹೋದ ತಂದೆ-ತಾಯಿ ಊರಿಗೆ ಕರೆ ಮಾಡಿದಾಗ ಮೊಬೈಲನ್ನು ಎಲ್ಲರ ನಡುವೆ ಇಟ್ಟು ಮಾತನಾಡುವ ಬದಲು, ಒಬ್ಬೊಬ್ಬರ ಕೈಗೂ ಅದನ್ನು ಕೊಡಿಸಿ ಹೆಸರು ಹಿಡಿದು ವಿಚಾರಿಸಬಹುದು. ಹಾಜರಿ, ಊಟ, ಪರೀಕ್ಷೆಗಳ ವಿಚಾರಣೆಯ ಜೊತೆಗೆ ಆ ಮಗುವಿಗೆ ಮಾತ್ರ ಸಂಬಂಧಿಸಿದ ಒಂದು ಪ್ರಶ್ನೆಯೂ ಇರಬೇಕು.

ಕೇಳದ ಮಗುವನ್ನು ಮೊದಲು ಮಾತನಾಡಿಸಬೇಕು. ತಂಟೆ ಮಾಡುವವ ಬೈಗುಳದ ರೂಪದಲ್ಲಾದರೂ ಗಮನ ಗಿಟ್ಟಿಸಿಕೊಳ್ಳುತ್ತಾನೆ, ಜಾಣನಿಗೆ ಪ್ರಶಂಸೆ ಸಿಗುತ್ತದೆ. ನಾಲ್ಕನೆಯವನ ಬಾಯಿ ತೆರೆಸಲು ಹಿರಿಯರೇ ಹತ್ತಿರ ಹೋಗಬೇಕಾಗುತ್ತದೆ.

ಇಷ್ಟಕ್ಕೆ ಹಣ ಬೇಕಿಲ್ಲ, ದೊಡ್ಡ ಓದೂ ಬೇಕಿಲ್ಲ. ಯಾಕೋಬನ ಮನೆಯಲ್ಲಿ ಬಟ್ಟೆಯ ಅಭಾವವಿರಲಿಲ್ಲ. ಹತ್ತು ಅಣ್ಣಂದಿರನ್ನು ಒಬ್ಬೊಬ್ಬರಾಗಿ ಕಂಡ ಕಣ್ಣಿನ ಅಭಾವವಿತ್ತು. ಅದೇ ಯಾಕೋಬ ಸಾಯುವ ಮುನ್ನ ಹನ್ನೆರಡು ಮಕ್ಕಳನ್ನೂ ಹಾಸಿಗೆಯ ಸುತ್ತ ಕರೆದು, ಒಬ್ಬೊಬ್ಬನ ಸ್ವಭಾವವನ್ನು ಗುರುತಿಸಿ, ಅವರವರಿಗೆ ತಕ್ಕ ಮಾತು ಹೇಳಿ ಹರಸಿದನೆಂದು ಗ್ರಂಥ ದಾಖಲಿಸಿದೆ. ಕೆಲವರಿಗೆ ಅದು ಕಹಿ ಮಾತೇ ಆಗಿತ್ತು, ಆದರೂ ಯಾರನ್ನೂ ಬಿಡಲಿಲ್ಲ. ಅಷ್ಟು ಹೊತ್ತಿಗೆ ಮಕ್ಕಳ ತಲೆಯೂ ನರೆಯುತ್ತ ಬಂದಿತ್ತು. ಕಿಣ್ಣಿ ಸುಲ್ತಾನದಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಆ ಮಾತನ್ನು ಮಗು ಇನ್ನೂ ಮಡಿಲಲ್ಲಿರುವಾಗಲೇ ಹೇಳಲು ಇಂದಿನ ತಂದೆ-ತಾಯಿಗೆ ಅವಕಾಶವಿದೆ.